ಹದಿನಾಲ್ಕರ ಹುಡುಗನಿಗೆ ರಜೆಯ ಕೆಲಸ

ಎಂಟನೇ ತರಗತಿಯ ಪರೀಕ್ಷೆ ಮುಗಿದ ದಿನ ರಾತ್ರಿ ಊಟಕ್ಕೆ ಕುಳಿತಾಗ ಮಗ, "ಅಪ್ಪ, ಈ ರಜೆಯಲ್ಲಿ ನಾನು ಎಲ್ಲಾದರೂ ಕೆಲಸಕ್ಕೆ ಹೋಗಲಾ?" ಎಂದು ಕೇಳಿದ. ಅವನಿಗೆ ಹದಿನಾಲ್ಕು ತುಂಬಿ ಆಗಿನ್ನೂ ಎರಡು ತಿಂಗಳಾಗಿತ್ತು. ಲೆದರ್ ಬಾಲಿನಲ್ಲಿ ಆಡಲು ತಕ್ಕ ಒಂದು ಬ್ಯಾಟು ಬೇಕೆಂಬುದು ಅವನ ಬಹಳ ದಿನದ ಆಸೆಯೆಂದು ನನಗೆ ಗೊತ್ತಿತ್ತು. ಕೇಳಿದ್ದರೆ ನಾನೇ ಕೊಡಿಸುತ್ತಿದ್ದೆ, ಆದರೆ ಅವನು ಕೇಳಿದ್ದು ಬ್ಯಾಟನ್ನಲ್ಲ. ನಾನು ಉತ್ತರ ಕೊಡುವ ಮೊದಲೇ, ಎದುರಿಗೆ ಕುಳಿತಿದ್ದ ಅಪ್ಪಯ್ಯ ಮಜ್ಜಿಗೆ ಅನ್ನವನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆಯಲು ಎದ್ದರು.

ಅಪ್ಪಯ್ಯ ಕುಂದಾಪುರದ ಕಡೆಯ ಹಳ್ಳಿಯವರು. 1960ರ ಸುಮಾರಿಗೆ, ಐದನೇ ತರಗತಿಗೆ ಶಾಲೆ ಬಿಟ್ಟು, ಹನ್ನೊಂದನೇ ವಯಸ್ಸಿನಲ್ಲಿ ಊರಿನವರೊಬ್ಬರ ಜೊತೆ ಹುಬ್ಬಳ್ಳಿಗೆ ಹೋಗಿ ಹೋಟೆಲ್ ಸೇರಿದವರು. ನಮ್ಮ ಕಡೆ ಮಾಣಿ ಎಂದರೆ ಹುಡುಗ. ಊರು ಬಿಟ್ಟು ಬಂದರೆ ಅದೇ ಮಾತಿಗೆ ಹೋಟೆಲಿನ ಆಳು ಎಂಬ ಅರ್ಥ. ಮುಂಬಯಿಗೋ ಬೆಂಗಳೂರಿಗೋ ಹುಬ್ಬಳ್ಳಿಗೋ ಹೊರಟ ಕರಾವಳಿಯ ಎಷ್ಟೋ ಹುಡುಗರು ಈ ಎರಡು ಅರ್ಥಗಳ ನಡುವಿನ ದಾರಿಯನ್ನು ಒಂದೇ ರಾತ್ರಿಯಲ್ಲಿ ದಾಟಿದ್ದಾರೆ. ಅಪ್ಪಯ್ಯ ಮೊದಲ ಎರಡು ವರ್ಷ ಲೋಟ ತೊಳೆದರು, ಆಮೇಲೆ ಮೇಜು ಒರೆಸಿದರು, ಮೀಸೆ ಮೂಡುವ ಹೊತ್ತಿಗೆ ಸಪ್ಲೈಯರ್ ಆದರು. ಬೆಳಗಿನ ಜಾವ ಐದಕ್ಕೆ ಆರಂಭವಾದ ದಿನ ರಾತ್ರಿ ಹತ್ತಕ್ಕೆ ಮುಗಿಯುತ್ತಿತ್ತು. ವರ್ಷಕ್ಕೊಮ್ಮೆ ಊರಿಗೆ ಹೊರಡುವಾಗ ಯಜಮಾನರು ಲೆಕ್ಕ ಹಾಕಿ, ಒಡೆದ ಲೋಟಗಳ ಹಣ ಕಳೆದು, ಉಳಿದದ್ದನ್ನು ಊರಿಗೆ ಕರೆದೊಯ್ಯುವವರ ಕೈಗೆ ಕೊಡುತ್ತಿದ್ದರಂತೆ. ಸಂಬಳ ಎಷ್ಟೆಂದು ಅಪ್ಪಯ್ಯನಿಗೆ ತಿಳಿದದ್ದು ಮೂರನೆಯ ವರ್ಷದಲ್ಲಿ.

ಹಾಗಾಗಿ ನಮ್ಮ ಮನೆಯಲ್ಲಿ ಹುಡುಗ ಕೆಲಸಕ್ಕೆ ಹೋಗುವ ಮಾತು ಹಗುರವಾದದ್ದಲ್ಲ. "ನಮ್ಮ ಕಾಲದಲ್ಲಿ ಎಲ್ಲರೂ ದುಡಿದೇ ಬೆಳೆದದ್ದು, ಅದರಿಂದಲೇ ಗಟ್ಟಿಯಾದದ್ದು" ಎಂದು ಹೇಳುವವರನ್ನು ನಾನು ಬಹಳ ಕಂಡಿದ್ದೇನೆ, ಆದರೆ ಹಾಗೆ ದುಡಿದ ಅಪ್ಪಯ್ಯನ ಬಾಯಲ್ಲಿ ಆ ಮಾತನ್ನು ಒಮ್ಮೆಯೂ ಕೇಳಿಲ್ಲ. ಹಾಗೆಂದು ಮಗನ ಆಸೆಯನ್ನು ತಪ್ಪೆನ್ನಲೂ ನನಗೆ ಮನಸ್ಸಾಗಲಿಲ್ಲ. ತನ್ನ ಕೈಯಿಂದ ಒಂದಿಷ್ಟು ಗಳಿಸಬೇಕು, ಅಪ್ಪ ಅಮ್ಮನ ಪರಿಚಯದ ಆಚೆಗೆ ತನ್ನನ್ನು ನಾಲ್ಕು ಜನ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಆ ವಯಸ್ಸಿನ ಹುಡುಗನಿಗೆ ಅನ್ನಿಸುವುದು ಒಳ್ಳೆಯದೇ. ಒಂಬತ್ತನೇ ತರಗತಿ ಮುಗಿದ ರಜೆಯಲ್ಲಿ ಎಸ್ಸೆಸ್ಸೆಲ್ಸಿಯ ವಿಶೇಷ ತರಗತಿಗಳು ಶುರುವಾಗಿಬಿಡುತ್ತವೆ. ಇಂಥ ಪ್ರಯೋಗಕ್ಕೆ ಬಿಡುವಿರುವುದು ಈ ರಜೆಯಲ್ಲಿ, ಇಲ್ಲವಾದರೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಪಿಯುಸಿ ಸೇರುವ ನಡುವೆ.

ಹುಡುಕಲು ಹೊರಡುವ ಮೊದಲು ಕಾನೂನು ಏನು ಹೇಳುತ್ತದೆಂದು ಓದಿಕೊಂಡೆ. ಹೆತ್ತವರೆಲ್ಲರೂ ಇದನ್ನು ಒಮ್ಮೆ ಓದಬೇಕೆಂಬುದು ನನ್ನ ಕಳಕಳಿ, ಏಕೆಂದರೆ ಅಂಗಡಿಯವರು ಬಹುಮಟ್ಟಿಗೆ ಓದಿರುವುದಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ದೊಡ್ಡ ತಿದ್ದುಪಡಿಯಾಯಿತು. ಅದರಂತೆ ಹದಿನಾಲ್ಕು ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ; ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ತಮ್ಮ ಮನೆಯವರದೇ ಆದ, ಅಪಾಯವಿಲ್ಲದ ಕಸುಬಿಗೆ ನೆರವಾಗುವುದಕ್ಕೆ ಮತ್ತು ಷರತ್ತುಗಳಿಗೆ ಒಳಪಟ್ಟು ಬಾಲ ಕಲಾವಿದರಾಗುವುದಕ್ಕೆ ಮಾತ್ರ ವಿನಾಯಿತಿ ಇದೆ. ಹದಿನಾಲ್ಕರಿಂದ ಹದಿನೆಂಟರೊಳಗಿನವರನ್ನು ಕಾಯ್ದೆ ಕಿಶೋರರೆಂದು ಕರೆಯುತ್ತದೆ. ಗಣಿ, ಸ್ಫೋಟಕ, ಬೇಗ ಬೆಂಕಿ ಹತ್ತುವ ವಸ್ತು ಮತ್ತು ಅಪಾಯಕಾರಿ ಪ್ರಕ್ರಿಯೆಗಳಿರುವ ಕಡೆ ಅವರನ್ನೂ ದುಡಿಸುವಂತಿಲ್ಲ. ಉಳಿದ ಕಡೆ ದುಡಿಸಬಹುದು, ಆದರೆ ಗಡಿಯಾರ ನೋಡಿಕೊಂಡು. ಒಂದೇ ಸಮನೆ ಮೂರು ಗಂಟೆಗಿಂತ ಹೆಚ್ಚು ದುಡಿಸಬಾರದು, ಆಮೇಲೆ ಕನಿಷ್ಠ ಒಂದು ಗಂಟೆಯ ವಿಶ್ರಾಂತಿ ಕೊಡಬೇಕು, ವಿಶ್ರಾಂತಿಯ ಹೊತ್ತೂ ಕೆಲಸವಿಲ್ಲದೆ ಕಾದು ಕುಳಿತ ಹೊತ್ತೂ ಸೇರಿ ಇಡೀ ದಿನದ ಕೆಲಸ ಆರು ಗಂಟೆಯೊಳಗೆ ಮುಗಿಯಬೇಕು. ಸಂಜೆ ಏಳರಿಂದ ಬೆಳಿಗ್ಗೆ ಎಂಟರವರೆಗೆ ಕೆಲಸ ಕೂಡದು, ಓವರ್‌ಟೈಮ್ ಕೂಡದು, ಒಂದೇ ದಿನ ಎರಡು ಕಡೆ ದುಡಿಯಕೂಡದು, ವಾರಕ್ಕೊಂದು ದಿನ ಪೂರ್ತಿ ರಜೆ ಕೊಡಬೇಕು. ಹದಿನಾಲ್ಕು ತುಂಬದವರನ್ನು ಇಟ್ಟುಕೊಂಡ ಮಾಲೀಕರಿಗೆ 6 ತಿಂಗಳಿಂದ 2 ವರ್ಷದವರೆಗೆ ಜೈಲು, ಅಥವಾ 20,000ದಿಂದ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಓದುತ್ತಿದ್ದಂತೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಹೋಟೆಲು, ಧಾಬಾ, ಮನೆಗೆಲಸಗಳಿಗೆ ಹದಿನಾಲ್ಕರೊಳಗಿನ ಮಕ್ಕಳನ್ನು ಇಟ್ಟುಕೊಳ್ಳುವುದನ್ನು ಸರ್ಕಾರ ನಿಷೇಧಿಸಿದ್ದು 2006ರ ಅಕ್ಟೋಬರ್ 10ರಿಂದ. ಅಪ್ಪಯ್ಯ ಹುಬ್ಬಳ್ಳಿಯ ಹೋಟೆಲಿನ ಹಿಂಬಾಗಿಲಿನಿಂದ ಒಳಗೆ ಹೋಗಿ ಆ ಹೊತ್ತಿಗೆ ಸುಮಾರು ನಲವತ್ತಾರು ವರ್ಷವಾಗಿತ್ತು.

ಈ ಗಡಿಯಾರವನ್ನು ಕೈಯಲ್ಲಿ ಹಿಡಿದು ಹೊರಟರೆ, ನಮ್ಮ ಶಿವಮೊಗ್ಗದಂಥ ಊರಿನಲ್ಲಿ ಹುಡುಗರಿಗೆ ಸುಲಭವಾಗಿ ಸಿಗುವ ಕೆಲಸಗಳು ಒಂದೊಂದಾಗಿ ಕೈಬಿಡುತ್ತವೆ. ಮಗನ ಮನಸ್ಸಿನಲ್ಲಿದ್ದದ್ದು ಮನೆಮನೆಗೆ ಪೇಪರ್ ಹಾಕುವ ಕೆಲಸ. ಅಬ್ದುಲ್ ಕಲಾಂ ಅವರು ರಾಮೇಶ್ವರದಲ್ಲಿ ಬಾಲಕರಾಗಿದ್ದಾಗ ಪತ್ರಿಕೆ ಹಂಚಿದ್ದನ್ನು ಶಾಲೆಯಲ್ಲಿ ಕೇಳಿ ಬಂದಿದ್ದ. ಆದರೆ ಪೇಪರಿನ ಬಂಡಲು ಬಸ್ ನಿಲ್ದಾಣದ ಬಳಿ ಇಳಿಯುವುದು ನಸುಕಿನಲ್ಲಿ, ಒಳಗೆ ಪುರವಣಿ ಸೇರಿಸಿ ಹೊರಡುವಾಗಲೂ ಇನ್ನೂ ಕತ್ತಲು; ಬೆಳಿಗ್ಗೆ ಎಂಟಕ್ಕೆ ಪೇಪರ್ ಹಾಕಿದರೆ ಯಾವ ಮನೆಯವರು ಒಪ್ಪುತ್ತಾರೆ? ಬೀದಿನಾಯಿಗಳ ನಡುವೆ, ದೀಪವಿಲ್ಲದ ತಿರುವುಗಳಲ್ಲಿ ಸೈಕಲ್ ತುಳಿಯುವ ಆ ಹುಡುಗರನ್ನು ಕಂಡರೆ ನನಗೆ ಗೌರವವಿದೆ, ಆದರೆ ಅವರಲ್ಲಿ ಹೆಚ್ಚಿನವರು ಮನೆಯ ಅಗತ್ಯಕ್ಕೆ ತುಳಿಯುತ್ತಿರುತ್ತಾರೆ, ಮತ್ತು ಆ ಹೊತ್ತಿನಲ್ಲಿ ಅವರೂ ಹಾಸಿಗೆಯಲ್ಲಿರಬೇಕಾದವರೇ. ಬ್ಯಾಟಿನ ಆಸೆಗೆ ನನ್ನ ಮಗನನ್ನು ಆ ಕತ್ತಲಿಗೆ ಕಳಿಸಲು ನಾನು ಸಿದ್ಧನಿರಲಿಲ್ಲ.

ಏಪ್ರಿಲ್, ಮೇ ತಿಂಗಳು ಮದುವೆಯ ಕಾಲವೂ ಹೌದು. ಕಲ್ಯಾಣ ಮಂಟಪಗಳಲ್ಲಿ ಬಡಿಸಲು ಕ್ಯಾಟರಿಂಗಿನವರಿಗೆ ಹುಡುಗರು ಎಷ್ಟಿದ್ದರೂ ಸಾಲದು. ಪರಿಚಯದ ಕಂಟ್ರಾಕ್ಟರರೊಬ್ಬರನ್ನು ವಿಚಾರಿಸಿದಾಗ, ಬೆಳಗಿನ ತಿಂಡಿಗೆ ಆರಕ್ಕೆ ಬರಬೇಕು, ಮಧ್ಯಾಹ್ನದ ಊಟ ಮುಗಿಸಿ ಸಂಜೆಯ ಆರತಕ್ಷತೆಗೂ ನಿಲ್ಲಬೇಕು, ಆಗಲೇ ಒಂದು ದಿನದ ಕೂಲಿ ಎಂದರು. ಮಧ್ಯಾಹ್ನದ ಪಂಕ್ತಿಗೆ ಮಾತ್ರ ಬರುವವರು ಅವರಿಗೆ ಬೇಡ. ಕುದಿಯುವ ಸಾರಿನ ಬಕೆಟ್ ಹಿಡಿದು, ಚೆಲ್ಲಿದ ಪಾಯಸದ ಮೇಲೆ ಕಾಲಿಟ್ಟು ಓಡುವ ಹುಡುಗರನ್ನು ನೋಡಿ ನಾನೇ ಹಿಂದೆ ಸರಿದೆ. ಸ್ಕೂಟರಿನಲ್ಲಿ ಸಾಮಾನು ತಲುಪಿಸುವ ಕೆಲಸದ ಮಾತೇ ಇಲ್ಲ. ಅದಕ್ಕೆ ಹದಿನೆಂಟು ತುಂಬಿರಬೇಕು, ಲೈಸೆನ್ಸ್ ಬೇಕು. ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ದಿನಕ್ಕಿಷ್ಟು ಸಂಪಾದಿಸಿ ಎಂದು ಬರುವ ಸಂದೇಶಗಳನ್ನಂತೂ ಮಕ್ಕಳ ಜೊತೆ ಕುಳಿತು ಓದಿ ವಿವರಿಸಬೇಕು. ಕೆಲಸ ಕೊಡುವವರು ನಮ್ಮಿಂದ ನೋಂದಣಿ ಶುಲ್ಕ ಕೇಳಿದರೆ ಅದು ಮೋಸ. ಖಾತೆಗೆ ಹಣ ಹಾಕುತ್ತೇವೆ, ಅದನ್ನು ಇನ್ನೊಬ್ಬರಿಗೆ ಕಳಿಸಿ ಕಮಿಷನ್ ಇಟ್ಟುಕೊಳ್ಳಿ ಎಂದರೆ ಅದು ಮೋಸಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಕದ್ದ ಹಣ ಹುಡುಗನ ಹೆಸರಿನಲ್ಲಿ ಹಾದುಹೋಗುತ್ತದೆ ಮತ್ತು ಪೊಲೀಸರು ಬರುವುದು ಅವನ ಮನೆಗೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ನನಗೆ ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದೆನ್ನಿಸುತ್ತದೆ.

ಒಂದು ಮೊಬೈಲ್ ಬಿಡಿಭಾಗಗಳ ಅಂಗಡಿಯವರು ಸಂತೋಷದಿಂದಲೇ ಒಪ್ಪಿದರು. "ರಜೆಯ ಹುಡುಗರಿಗೆ ಸಂಬಳದ ಮಾತು ಯಾಕೆ ಸಾರ್, ಮೊದಲು ಕೆಲಸ ಕಲಿಯಲಿ, ರಾತ್ರಿ ಒಂಬತ್ತಕ್ಕೆ ಬಿಡುತ್ತೇನೆ" ಎಂದರು. ಅವರು ಮಾತಾಡುತ್ತಿದ್ದಾಗ, ನನ್ನ ಮಗನಿಗಿಂತ ಎರಡು ವರ್ಷವಾದರೂ ಚಿಕ್ಕವನಂತೆ ಕಾಣುತ್ತಿದ್ದ ಒಬ್ಬ ಹುಡುಗ ಸ್ಟೂಲಿನ ಮೇಲೆ ನಿಂತು ಗಾಜು ಒರೆಸುತ್ತಿದ್ದ. ಯಾವ ಶಾಲೆ ಎಂದು ಕೇಳಿದೆ. ಅವನು ಯಜಮಾನರ ಮುಖ ನೋಡಿದ. ಮನೆಗೆ ಬಂದು 1098ಕ್ಕೆ ಕರೆ ಮಾಡಿ ಕಂಡದ್ದನ್ನು ಹೇಳಿದೆ. ಮಕ್ಕಳ ಸಹಾಯವಾಣಿಯ ಈ ಸಂಖ್ಯೆಗೆ ಶುಲ್ಕವಿಲ್ಲ. ಸ್ವಂತ ಮಗನಿಗೆ ಒಳ್ಳೆಯ ಕೆಲಸ ಹುಡುಕುವವನು ಆ ಗಾಜಿನ ಮುಂದಿನ ಹುಡುಗನನ್ನು ನೋಡಿಯೂ ನೋಡದಂತೆ ಬಂದಿದ್ದರೆ, ಅಂದಿನ ರಾತ್ರಿ ಅಪ್ಪಯ್ಯನ ಎದುರು ಊಟಕ್ಕೆ ಕೂರುವುದು ನನ್ನಿಂದ ಆಗುತ್ತಿರಲಿಲ್ಲ.

ಇಷ್ಟರಲ್ಲಿ ನನಗೆ ಒಂದು ವಿಷಯ ಖಚಿತವಾಗಿತ್ತು. ನಾನು ಹುಡುಕಬೇಕಾದದ್ದು ಕೆಲಸವನ್ನಲ್ಲ, ಕೆಲಸ ಕೊಡುವವರನ್ನು. ಯಾವ ಅಂಗಡಿ, ಏನು ಮಾರುತ್ತಾರೆ ಎಂಬುದಕ್ಕಿಂತ, ಹುಡುಗ ತಪ್ಪು ಮಾಡಿದಾಗ ಅವರು ಏನು ಮಾಡುತ್ತಾರೆ, ಗಂಟೆ ಒಂದಾದಾಗ ಅವರಾಗಿಯೇ ಊಟಕ್ಕೆ ಕಳಿಸುತ್ತಾರೆಯೇ ಎಂಬುದು ಮುಖ್ಯ. ಅಂಥವರು ಸಿಗುವುದು ಜಾಹೀರಾತಿನಲ್ಲಲ್ಲ, ವರ್ಷಗಟ್ಟಲೆ ನಾವು ಸಾಮಾನು ಕೊಂಡು, ಅವರು ಗಿರಾಕಿಗಳ ಜೊತೆ ಹೇಗೆ ಮಾತಾಡುತ್ತಾರೆಂದು ನೋಡಿರುವ ಕಡೆ. ಹಾಗೆ ಯೋಚಿಸಿದಾಗ ನನ್ನ ಹೆಂಡತಿಗೆ ನೆನಪಾದದ್ದು ದುರ್ಗಿಗುಡಿಯ ಒಂದು ಸಣ್ಣ ಸ್ಟೇಷನರಿ ಅಂಗಡಿ. ಅರವತ್ತರ ಆಸುಪಾಸಿನ ಒಬ್ಬ ಹೆಂಗಸು ಅದನ್ನು ನಡೆಸುತ್ತಾರೆ. ಎಲ್ಲರೂ ಅವರನ್ನು ಅಂಗಡಿಯಮ್ಮ ಎನ್ನುತ್ತಾರೆ. ಶಾಲೆಗಳು ಬಾಗಿಲು ತೆರೆಯುವ ಮೇ ಕೊನೆಯ ಹೊತ್ತಿಗೆ ನೋಟ್‌ಬುಕ್ ಕೊಳ್ಳುವವರ ನೂಕುನುಗ್ಗಲು ಆಗುವುದರಿಂದ, ಅದಕ್ಕೆ ಮೊದಲಿನ ನಾಲ್ಕು ವಾರ ಅವರಿಗೆ ಎರಡು ಕೈಗಳು ನಿಜವಾಗಿಯೂ ಬೇಕಿದ್ದವು. ಇದೂ ಮುಖ್ಯವೆಂದು ನನ್ನ ಭಾವನೆ. ದಾಕ್ಷಿಣ್ಯಕ್ಕೆ ಹುಟ್ಟಿಸಿದ ಕೆಲಸದಲ್ಲಿ ಹುಡುಗನಿಗೆ ತಾನು ಬೇಕಾದವನೆಂದು ಅನ್ನಿಸುವುದಿಲ್ಲ.

ಮಾತಾಡಲು ಹೊರಟ ದಿನ ಅಪ್ಪಯ್ಯ ಕರೆಯದೆಯೇ ಅಂಗಿ ತೊಟ್ಟು, ಕೊಡೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಸಮಯ, ಸಂಬಳ, ರಜೆ ಎಲ್ಲವನ್ನೂ ನಾನು ಮಾತಾಡಿದೆ. ಮೊದಲ ಎರಡು ವಾರ ಬೆಳಿಗ್ಗೆ ಹತ್ತರಿಂದ ಒಂದು, ಕೊನೆಯ ಎರಡು ವಾರ ಒಂದರಿಂದ ಎರಡು ವಿಶ್ರಾಂತಿ, ಆಮೇಲೆ ನಾಲ್ಕರವರೆಗೆ. ಗಂಟೆಗೆ 50 ರೂಪಾಯಿ, ಶನಿವಾರ ಬಟವಾಡೆ, ಭಾನುವಾರ ರಜೆ. ಏಣಿ ಹತ್ತಿ ಅಟ್ಟದ ಮೇಲಿನ ಬಂಡಲು ಇಳಿಸುವುದು, ಜೆರಾಕ್ಸ್ ಯಂತ್ರ ಬಿಚ್ಚುವುದು ಅವನ ಕೆಲಸವಲ್ಲ. ಎಲ್ಲ ಮುಗಿದ ಮೇಲೆ ಅಪ್ಪಯ್ಯ ಒಂದೇ ಒಂದು ಪ್ರಶ್ನೆ ಕೇಳಿದರು: "ಮಧ್ಯಾಹ್ನ ಮಾಣಿ ಎಲ್ಲಿ ಕೂತು ಊಟ ಮಾಡುತ್ತಾನೆ?"

ಅಂಗಡಿಯಮ್ಮ ಒಂದು ಕ್ಷಣ ಅವರನ್ನೇ ನೋಡಿ, ಎದ್ದು, ಒಳಗಿನ ಕೋಣೆಯ ಬಾಗಿಲು ತೆರೆದು ತೋರಿಸಿದರು. ಒಂದು ಬೆಂಚು, ಒಂದು ಫ್ಯಾನು, ಕೈ ತೊಳೆಯಲು ನಲ್ಲಿ, ಕುಡಿಯುವ ನೀರಿನ ಮಡಕೆ ಇದ್ದವು. "ನಾನೂ ಇಲ್ಲೇ ಊಟ ಮಾಡುವುದು" ಎಂದರು. ಅಪ್ಪಯ್ಯ ತಲೆಯಾಡಿಸಿದರು. ಹೋಟೆಲಿನಲ್ಲಿ ಗಿರಾಕಿಗಳ ಊಟವೆಲ್ಲ ಮುಗಿದು ಮೂರು ಗಂಟೆಯ ಮೇಲೆ, ಪಾತ್ರೆ ತೊಳೆಯುವ ಕಟ್ಟೆಯ ಪಕ್ಕದಲ್ಲಿ ನಿಂತುಕೊಂಡೇ ತಾವು ಹುಡುಗರು ಉಣ್ಣುತ್ತಿದ್ದುದನ್ನು ಮನೆಗೆ ಬರುವ ದಾರಿಯಲ್ಲಿ ಹೇಳಿದರು. ಈ ಸಂಗತಿಯನ್ನು ನಾನು ಅವರ ಬಾಯಿಂದ ಕೇಳಿದ್ದು ಅಂದೇ ಮೊದಲು.

ಕಿಶೋರರನ್ನು ಕೆಲಸಕ್ಕೆ ತೆಗೆದುಕೊಂಡವರು ಕಾಯ್ದೆಯ ಪ್ರಕಾರ ಮೂವತ್ತು ದಿನದೊಳಗೆ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರರಿಗೆ ಲಿಖಿತ ಸೂಚನೆ ಕಳಿಸಬೇಕು ಮತ್ತು ಒಂದು ರಿಜಿಸ್ಟರ್ ಇಡಬೇಕು. ಅದರಲ್ಲಿ ಹೆಸರು, ಹುಟ್ಟಿದ ದಿನಾಂಕ, ಕೆಲಸದ ವೇಳೆ, ವಿಶ್ರಾಂತಿಯ ವೇಳೆ, ಕೆಲಸದ ಬಗೆ ಇರಬೇಕು. ಇದನ್ನು ಹೇಳಿದರೆ ತಲೆನೋವೆಂದು ಅವರು ಹಿಂಜರಿಯಬಹುದೆಂದು ನಾನು ಅಳುಕಿದ್ದೆ. ಅವರು ಜನನ ಪತ್ರದ ನಕಲನ್ನು ಕೇಳಿ ಇಟ್ಟುಕೊಂಡು, ಸೂಚನೆಯ ಕಾಗದಕ್ಕೆ ಸಹಿ ಹಾಕಿ, ಮಗನಿಗೆ "ಆ ಕಪಾಟಿನಿಂದ ನಿನಗೆ ಬೇಕಾದ ನೋಟ್‌ಬುಕ್ ತಗೋ" ಎಂದರು. ಅವನು 100 ಪುಟದ ಒಂದು ಲಾಂಗ್ ಬುಕ್ ಆರಿಸಿದ. ಅವರೇ ಸ್ಕೇಲಿಟ್ಟು ಗೆರೆ ಎಳೆದು, ಮೊದಲ ಪುಟದ ಮೇಲೆ ಅವನ ಹೆಸರು ಬರೆದರು.

ಕೆಲಸವೆಂದರೆ ಸೆಟ್ ಕಟ್ಟುವುದು. ಒಂದೊಂದು ಶಾಲೆಯ ಒಂದೊಂದು ತರಗತಿಗೂ ಒಂದು ಪಟ್ಟಿ ಇರುತ್ತದೆ: ಒಂದು ಗೆರೆಯದು ಇಷ್ಟು, ಎರಡು ಗೆರೆಯದು ಇಷ್ಟು, ಇಂಗ್ಲಿಷ್ ಕಾಪಿಗೆ ನಾಲ್ಕು ಗೆರೆ, ಚಿಕ್ಕವರ ಲೆಕ್ಕಕ್ಕೆ ಚೌಕದ್ದು, ಜೊತೆಗೆ ಬೈಂಡ್ ಹಾಕುವ ಕಂದು ಕಾಗದ ಮತ್ತು ಲೇಬಲ್. ಪಟ್ಟಿಯಂತೆ ಎಣಿಸಿ, ಅಂಚು ಸಮ ಮಾಡಿ, ಸುತಲಿ ಬಿಗಿದು, ಮೇಲೆ ಚೀಟಿ ಸಿಕ್ಕಿಸಬೇಕು. ಮೂರನೇ ದಿನ ಮಗ ಎರಡನೇ ತರಗತಿಯ ಹನ್ನೊಂದು ಸೆಟ್ಟುಗಳಲ್ಲಿ ನಾಲ್ಕು ಗೆರೆಯ ಬದಲು ಎರಡು ಗೆರೆಯದನ್ನು ಇಟ್ಟು ಕಟ್ಟಿದ್ದ. ಒಂದು ಸೆಟ್ಟು ಗಿರಾಕಿಯ ಕೈಗೆ ಹೋಗಿ ಮರಳಿ ಬಂದಾಗ ಗೊತ್ತಾಯಿತು. ಅಂಗಡಿಯಮ್ಮ ಉಳಿದ ಹತ್ತನ್ನೂ ಕೆಳಗಿಳಿಸಿ, ಅವನ ಎದುರು ನೆಲದ ಮೇಲೆ ಕುಳಿತು, "ಐದು ನೀನು ಬಿಚ್ಚು, ಐದು ನಾನು ಬಿಚ್ಚುತ್ತೇನೆ" ಎಂದರಂತೆ. ಆಮೇಲೆ, ಪುಟ ತೆರೆದು ನೋಡುವ ಬದಲು ಅಂಚನ್ನು ಹೆಬ್ಬೆರಳಿನಿಂದ ಸರ್ರನೆ ಬಿಡುತ್ತಾ ಗೆರೆ ಗುರುತಿಸುವುದನ್ನು ಹೇಳಿಕೊಟ್ಟರು. ಆ ವಾರದ ಸಂಬಳದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಒಡೆದ ಲೋಟದ ಲೆಕ್ಕ ಕೇಳಿ ಬೆಳೆದ ನನಗೆ ಇದು ಸಣ್ಣ ವಿಷಯವಲ್ಲ.

ಇನ್ನೊಂದು ದಿನ ಬಂದು ಅವನಾಗಿಯೇ ಹೇಳಿದ್ದು ಇದು. ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ ಉಚಿತವಾಗಿ ಬರುತ್ತದೆ, ಆದರೆ ನೋಟ್‌ಬುಕ್ಕುಗಳನ್ನು ಕೊಳ್ಳಲೇಬೇಕು. ಮೂವರು ಮಕ್ಕಳ ಪಟ್ಟಿ ಹಿಡಿದು ಬಂದ ಒಬ್ಬ ತಾಯಿ ಮೊತ್ತ ಕೇಳಿ, ಸೆರಗಿನ ಗಂಟು ಬಿಚ್ಚಿ ಎಣಿಸಿ, ಸುಮ್ಮನೆ ನಿಂತರಂತೆ. ಇವನು 200 ಪುಟದ ಕೆಲವು ಪುಸ್ತಕಗಳನ್ನು ತೆಗೆದು 100 ಪುಟದ್ದನ್ನು ಇಟ್ಟು, "ದಸರಾ ರಜೆಯವರೆಗೆ ಇದು ಸಾಕಾಗುತ್ತದೆ ಆಂಟಿ, ಆಮೇಲೆ ಇನ್ನೊಂದು ತಗೊಳ್ಳಬಹುದು" ಎಂದು ಹೇಳಿ ಅಂಗಡಿಯಮ್ಮನ ಕಡೆ ನೋಡಿದ. ವ್ಯಾಪಾರ ಕಡಿಮೆ ಮಾಡಿದ್ದಕ್ಕೆ ಬೈಯುತ್ತಾರೇನೋ ಎಂದು ಅವನಿಗೆ ಭಯವಿತ್ತು. ಅವರು ಏನೂ ಹೇಳದೆ ಹೊಸ ಮೊತ್ತವನ್ನು ಬರೆದುಕೊಂಡರು, ಮತ್ತು ಮರುದಿನದಿಂದ ಪಟ್ಟಿ ಓದಿ ಹೇಳುವ ಕೆಲಸವನ್ನು ಅವನಿಗೇ ಬಿಟ್ಟರು.

ನಾಲ್ಕು ವಾರಕ್ಕೆ ಅವನ ಗಳಿಕೆ 4,800 ರೂಪಾಯಿ. ಹತ್ತು ವರ್ಷ ದಾಟಿದ ಮಕ್ಕಳು ತಮ್ಮ ಹೆಸರಿನಲ್ಲಿ ಉಳಿತಾಯ ಖಾತೆ ತೆರೆದು ತಾವೇ ನಡೆಸಲು ರಿಸರ್ವ್ ಬ್ಯಾಂಕು 2014ರಲ್ಲೇ ದಾರಿ ಮಾಡಿಕೊಟ್ಟಿದೆ. ಎಷ್ಟು ಹಣದವರೆಗೆ ಎಂಬ ಮಿತಿಯನ್ನು ಆಯಾ ಬ್ಯಾಂಕು ಗೊತ್ತುಮಾಡುತ್ತದೆ. ಮೊದಲ ಶನಿವಾರದ 900 ರೂಪಾಯಿಯಿಂದ ಅವನ ಖಾತೆ ತೆರೆದೆವು; ಚಲನ್ ಅವನೇ ತುಂಬಿದ, ಸಹಿ ಎರಡು ಸಲ ಬೇರೆಬೇರೆಯಾಗಿ ಬಂತು, ಮೂರನೆಯದಕ್ಕೆ ಕೂಡಿತು. ಅದರಲ್ಲಿ 2,800 ತೆಗೆದು ಕಾಶ್ಮೀರ ವಿಲ್ಲೋ ಮರದ ಬ್ಯಾಟು ಕೊಂಡ. ಉಳಿದದ್ದನ್ನು ಏನು ಮಾಡುತ್ತೀಯೆಂದು ನಾನು ಕೇಳಲಿಲ್ಲ, ಅದು ಅವನದು. ಮನೆಯ ಕಷ್ಟಕ್ಕೆಂದು ಅಲ್ಲದೆ ಆಸೆಯಿಂದ ದುಡಿದ ಮಗುವಿನ ಹಣವನ್ನು ಹೆತ್ತವರು ಮನೆಖರ್ಚಿಗೆ ಸೇರಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಶಾಲೆ ಆರಂಭವಾದ ಮೇಲೂ ಸಂಜೆ ಹೊತ್ತು ಹೋಗಲೇ ಎಂದು ಕೇಳಿದಾಗ ಮಾತ್ರ ಬೇಡವೆಂದೆ. ನಾಲ್ಕೂವರೆಗೆ ಶಾಲೆ ಬಿಟ್ಟು, ಮನೆಗೆ ಬಂದು ಹೊರಟರೆ ಏಳರೊಳಗೆ ಉಳಿಯುವುದು ಒಂದೂವರೆ ಗಂಟೆ, ಮತ್ತು ಆ ಒಂದೂವರೆ ಗಂಟೆ ಮೈದಾನದ್ದು. ಬ್ಯಾಟು ಕೊಂಡದ್ದೇ ಅದಕ್ಕಲ್ಲವೇ ಎಂದಾಗ ಒಪ್ಪಿದ.

ಕೊನೆಯ ದಿನ ಅಂಗಡಿಯಮ್ಮ ರಿಜಿಸ್ಟರಿನ ಅವನ ಪುಟಗಳನ್ನು ಜೆರಾಕ್ಸ್ ಮಾಡಿ ಕೊಟ್ಟಿದ್ದರು. ಮಗ ಅದನ್ನು ತಂದು ಅಜ್ಜನ ಕೈಗೆ ಕೊಟ್ಟ. ಅಪ್ಪಯ್ಯ ಕನ್ನಡಕ ಹಾಕಿಕೊಂಡು ಸಾಲಿನಿಂದ ಸಾಲಿಗೆ ಬೆರಳಾಡಿಸುತ್ತಾ ಬಹಳ ಹೊತ್ತು ನೋಡಿದರು. ವಿಶ್ರಾಂತಿ ಎಂದು ಬರೆದ ಕಾಲಮಿನಲ್ಲಿ, ಎರಡು ವಾರವೂ ಒಂದರಿಂದ ಎರಡು ಎಂದಿದ್ದ ಕಡೆ ಬೆರಳು ನಿಂತಿತು.

"ಇಷ್ಟು ಹೊತ್ತು ಏನು ಮಾಡುತ್ತಿದ್ದೆ ಮಾಣಿ?" ಎಂದು ಕೇಳಿದರು.

"ಊಟ ಮಾಡಿ ಬೆಂಚಿನ ಮೇಲೆ ಮಲಗುತ್ತಿದ್ದೆ ಅಜ್ಜ. ಎರಡಕ್ಕೆ ಅವರೇ ಎಬ್ಬಿಸುತ್ತಿದ್ದರು."

ಅಪ್ಪಯ್ಯ ಕಾಗದವನ್ನು ಮಡಿಸಲಿಲ್ಲ. ಹಾಗೇ ನೆಟ್ಟಗೆ ಹಿಡಿದುಕೊಂಡು ಒಳಗೆ ಹೋಗಿ, ಮನೆಯ ಪತ್ರಗಳನ್ನು ಇಡುವ ಕಪಾಟಿನ ಬೀಗ ತೆಗೆದರು.